ನೊಗ ಇಳಿಸುವ ದಿನ



ಚಿಕ್ಕೋಡಿ, ರಾಯಬಾಗ, ಅಥಣಿಯ ಕಡೆಯ ಹಳ್ಳಿಗಳಲ್ಲಿ ಬೆಳೆದವರಿಗೆ ಸೋಮವಾರದ ಅರ್ಥವನ್ನು ವಿವರಿಸಬೇಕಾಗಿಲ್ಲ. ಅಂದು ಎತ್ತುಗಳ ಹೆಗಲಿಗೆ ನೊಗ ಏರಿಸುವುದಿಲ್ಲ. ಅದು ಬಸವಣ್ಣನ ವಾರವೆಂದು ಹಿರಿಯರು ಪಾಲಿಸಿಕೊಂಡು ಬಂದ ಪದ್ಧತಿ. ಬಿತ್ತನೆಯ ಹದ ತಪ್ಪೀತೆಂಬ ಆತಂಕವಿದ್ದರೂ ರೈತನು ಎತ್ತಿನ ಮೈತೊಳೆದು, ಮೇವು ಹಾಕಿ, ಗಿಡದ ನೆರಳಿಗೆ ಕಟ್ಟುತ್ತಿದ್ದನು. ಪವಿತ್ರ ಗ್ರಂಥದ ವಿಮೋಚನಾಕಾಂಡವೂ ಇದನ್ನೇ ವಿಧಿಸುತ್ತದೆ. ಏಳನೆಯ ದಿನದ ವಿಶ್ರಾಂತಿ ಯಜಮಾನನೊಬ್ಬನಿಗೇ ಮೀಸಲಲ್ಲ. ಅವನ ಎತ್ತು, ಕತ್ತೆ, ಮನೆಯ ದಾಸಿಯ ಮಗ, ಊರಿಗೆ ಬಂದ ಪರದೇಶಿ, ಎಲ್ಲರೂ ದಣಿವಾರಿಸಿಕೊಳ್ಳಬೇಕೆಂಬುದು ಅಲ್ಲಿನ ಕಟ್ಟಳೆ.

ಇಂದು ಬಹಳಷ್ಟು ಹೊಲಗಳಲ್ಲಿ ಎತ್ತಿನ ಬದಲು ಟ್ರ್ಯಾಕ್ಟರ್ ಬಂದಿದೆ. ಟ್ರ್ಯಾಕ್ಟರಿಗೆ ಸೋಮವಾರವಿಲ್ಲ. ಅದನ್ನು ಓಡಿಸುವವನೂ, ಅವನ ಮನೆಯವರೂ ತಮ್ಮ ಸೋಮವಾರವನ್ನು, ಭಾನುವಾರವನ್ನು ಕಳೆದುಕೊಳ್ಳುತ್ತಿದ್ದಾರೆ. ಎತ್ತಿಗೆ ತೋರಿಸಿದ ಕನಿಕರವನ್ನು ನಾವು ನಮಗೇ ತೋರಿಸಲು ಹಿಂಜರಿಯುತ್ತೇವೆ. ಏಕೆ?

ಬಹುಶಃ ಶಕ್ತಿಯನ್ನು ಉಳಿಸಿಕೊಳ್ಳುವುದು ಸ್ವಾರ್ಥವೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ತಾನು ಕರಗಿ ಬೆಳಕು ಕೊಡುವ ಮೇಣದಬತ್ತಿಯ ಹೋಲಿಕೆಯನ್ನು ನಾನೂ ಎಷ್ಟೋ ಪ್ರಬೋಧನೆಗಳಲ್ಲಿ ಬಳಸಿದ್ದೇನೆ. ಆ ಹೋಲಿಕೆ ಸುಳ್ಳಲ್ಲ. ಆದರೆ ಅದು ಪೂರ್ಣ ಸತ್ಯವೂ ಅಲ್ಲವೆಂಬುದನ್ನು ಒಬ್ಬ ತಾಯಿ ನನಗೆ ಕಲಿಸಿಕೊಟ್ಟರು.

ಹಲವು ವರ್ಷಗಳ ಹಿಂದೆ ನಾನು ಗಡಿಭಾಗದ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ವಾರ್ಷಿಕ ಹಬ್ಬ ಹತ್ತಿರವಾಗಿತ್ತು. ಪೆಂಡಾಲು, ಧ್ವನಿವರ್ಧಕ, ಆಮಂತ್ರಣ ಪತ್ರಿಕೆ, ಅಡುಗೆಯವರ ಲೆಕ್ಕ, ಎಲ್ಲವನ್ನೂ ನಾನೇ ನೋಡಬೇಕೆಂಬ ಹಟ ನನ್ನದು. ಬೇರೆಯವರು ಮಾಡಿದರೆ ಸರಿಯಾಗದೆಂಬ ಗರ್ವವೂ ಅದರಲ್ಲಿ ಇತ್ತೆಂದು ಈಗ ಒಪ್ಪಿಕೊಳ್ಳುತ್ತೇನೆ. ಒಂದು ಸಂಜೆ ಆ ತಾಯಿ ತಮ್ಮ ಮಗನ ಕುಡಿತದ ವಿಷಯ ಹೇಳಿಕೊಳ್ಳಲು ಬಂದರು. ನಾನು ಕುರ್ಚಿ ಕೊಟ್ಟೆ, ತಲೆಯಾಡಿಸಿದೆ. ಕಣ್ಣು ಮಾತ್ರ ಮೇಜಿನ ಮೇಲಿದ್ದ ರಸೀದಿ ಪುಸ್ತಕದ ಮೇಲಿತ್ತು. ಸ್ವಲ್ಪ ಹೊತ್ತಿನಲ್ಲಿ ಅವರು ಮಾತು ನಿಲ್ಲಿಸಿ ಎದ್ದು ನಿಂತರು. "ಫಾದರ್, ನೀವು ಇವತ್ತ ಭಾಳ ದಣದೀರಿ. ನಾ ಇನ್ನೊಮ್ಮಿ ಬರತೇನ್ರಿ" ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ, ಕರುಣೆ ಇತ್ತು. ಅವರು ಮತ್ತೆ ಬರಲಿಲ್ಲ. ಹಬ್ಬ ಅಚ್ಚುಕಟ್ಟಾಗಿ ನಡೆಯಿತು, ಜನ ಹೊಗಳಿದರು. ಆ ಹೊಗಳಿಕೆಯಲ್ಲಿ ಒಂದು ಮಾತೂ ಇಂದು ನನಗೆ ನೆನಪಿಲ್ಲ. ಆ ತಾಯಿ ಎದ್ದು ನಿಂತದ್ದು ಮಾತ್ರ ನೆನಪಿದೆ.

ನಾನು ಅಂದು ಸೋಮಾರಿಯಾಗಿರಲಿಲ್ಲ. ಮೈಮುರಿದು ದುಡಿದಿದ್ದೆ. ಆದರೂ ಆ ದಿನ ನನ್ನಿಂದ ನಿಜವಾಗಿ ಬೇಕಾಗಿದ್ದ ಒಂದು ಗಂಟೆಯನ್ನು ಕೊಡಲು ನನ್ನಲ್ಲಿ ಏನೂ ಉಳಿದಿರಲಿಲ್ಲ. ಇಂಥ ಸ್ಥಿತಿಗೆ ಇಂದು 'ಬರ್ನ್‌ಔಟ್' ಎಂಬ ಹೆಸರಿದೆ. ಅಮೆರಿಕದ ಮನಃಶಾಸ್ತ್ರಜ್ಞ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ 1974ರಲ್ಲಿ ಈ ಪದವನ್ನು ಬಳಸಿ ಬರೆದರು. ಬಡವರಿಗಾಗಿ ನಡೆಯುತ್ತಿದ್ದ ಉಚಿತ ಚಿಕಿತ್ಸಾಲಯಗಳಲ್ಲಿ ಉತ್ಸಾಹದಿಂದ ದುಡಿಯುವವರೇ ಬತ್ತಿಹೋಗುವುದನ್ನು ಅವರು ಕಂಡಿದ್ದರು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಇದನ್ನು ರೋಗವೆಂದಲ್ಲ, ದುಡಿಮೆಗೆ ಸಂಬಂಧಿಸಿದ ಸ್ಥಿತಿಯೆಂದು ವಿವರಿಸಿ ಮೂರು ಲಕ್ಷಣಗಳನ್ನು ಹೇಳಿತು: ಶಕ್ತಿ ಬರಿದಾಗುವುದು, ಮಾಡುವ ಕೆಲಸದಿಂದ ಮನಸ್ಸು ದೂರ ಸರಿದು ತಾತ್ಸಾರ ಮೂಡುವುದು, ಕೆಲಸದ ಫಲ ಕುಗ್ಗುವುದು. ಎರಡನೆಯ ಲಕ್ಷಣವನ್ನು ಗಮನಿಸಿ. ಅಲ್ಲಿ ದಣಿಯುವುದು ಮೈ ಒಂದೇ ಅಲ್ಲ, ಪ್ರೀತಿಯೂ ದಣಿಯುತ್ತದೆ. ಆದ್ದರಿಂದಲೇ ಇದು ವೈದ್ಯರಿಗೆ ಬಿಟ್ಟ ವಿಷಯವಷ್ಟೇ ಅಲ್ಲ. ನಮ್ಮ ಮನಸ್ಸಾಕ್ಷಿಗೆ ಸಂಬಂಧಪಟ್ಟ ವಿಷಯ.

ಹಾಗಾದರೆ ದಣಿವೆಲ್ಲ ಕೆಟ್ಟದ್ದೇ? ಅಲ್ಲ. ದಿವಂಗತ ಜಗದ್ಗುರು ಫ್ರಾನ್ಸಿಸ್‌ರವರು 2015ರ ಪವಿತ್ರ ಗುರುವಾರದಂದು ಗುರುಗಳ ದಣಿವಿನ ಕುರಿತೇ ಪ್ರಬೋಧನೆ ನೀಡಿದರು. ಜನರ ನಡುವೆ ದುಡಿದು ಬರುವ ದಣಿವು ಆರೋಗ್ಯಕರವೆಂದೂ, ತನ್ನ ಬಗ್ಗೆ ತಾನೇ ಬೇಸರಗೊಂಡ ದಣಿವು ಅಪಾಯಕಾರಿಯೆಂದೂ ಅವರು ಭೇದ ಮಾಡಿ ತೋರಿಸಿದರು. ಮೊದಲನೆಯದು ಒಂದು ರಾತ್ರಿಯ ನಿದ್ದೆಗೆ ಇಳಿಯುತ್ತದೆ. ಎರಡನೆಯದು ಬೆಳಿಗ್ಗೆ ನಮಗಿಂತ ಮುಂಚೆ ಎದ್ದು ಕುಳಿತಿರುತ್ತದೆ.

ಈ ಭೇದವನ್ನು ಅರಿಯಲು ನಮ್ಮ ಕೃಷ್ಣಾ ತೀರದ ಹೊಲಗಳತ್ತ ನೋಡೋಣ. ಕಬ್ಬಿಗೆ ನೀರು ಹೆಚ್ಚಾದಷ್ಟೂ ಬೆಳೆ ಹೆಚ್ಚೆಂದು ಭಾವಿಸಿ ನಾವು ವರ್ಷಗಟ್ಟಲೆ ಎರೆಭೂಮಿಗೆ ನೀರು ಹರಿಸಿದೆವು. ಒಂದು ಬೆಳೆ ತೆಗೆದ ಕೂಡಲೇ ಮತ್ತೊಂದು. ನೆಲಕ್ಕೆ ಬಿಡುವಿಲ್ಲ, ಹೆಚ್ಚಿನ ನೀರು ಹೊರಹೋಗಲು ಬಸಿಗಾಲುವೆಯೂ ಇಲ್ಲ. ನೆಲದಡಿಯ ನೀರು ಮೇಲೇರಿತು. ಅದರೊಡನೆ ಉಪ್ಪೂ ಮೇಲೆ ಬಂದಿತು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಯ ಸುತ್ತ ಎಷ್ಟೋ ಒಳ್ಳೆಯ ಹೊಲಗಳು ಹೀಗೆ ಸವಳು-ಜವಳಾದವು. ಈ ನೆಲ ಹಾಳಾದದ್ದು ನೀರಿಲ್ಲದೆ ಅಲ್ಲ, ಬೇಡವೆನ್ನುವ ದಾರಿಯಿಲ್ಲದೆ. ಉಗಾರ ಬುದ್ರುಕದಂಥ ಊರಿನಲ್ಲಿ ನೆಲದೊಳಗೆ ರಂಧ್ರದ ಕೊಳವೆಗಳನ್ನು ಹೂಳಿ, ಉಪ್ಪುನೀರನ್ನು ಬಸಿದು ಭೂಮಿಯನ್ನು ಮತ್ತೆ ಸಾಗುವಳಿಗೆ ತರಬೇಕಾಯಿತು.

ಮನುಷ್ಯನ ಮನಸ್ಸೂ ಹೀಗೆಯೇ ಅಲ್ಲವೇ? ಬಂದ ಕರೆಗೆಲ್ಲ, ಮೊಬೈಲಿಗೆ ಬಂದ ಸಂದೇಶಕ್ಕೆಲ್ಲ, ಬೀಗರ ಮನೆಯ ಮಾತಿಗೆಲ್ಲ ನಾವು ತೆರೆದುಕೊಂಡೇ ಇರುತ್ತೇವೆ. ಏನನ್ನೂ ಬಸಿದು ಬಿಡುವುದಿಲ್ಲ. ಕೊನೆಗೆ ಮೇಲೆ ಬರುವುದು ಉಪ್ಪು: ಮಕ್ಕಳ ಮೇಲೆ ಸಿಡುಕು, ಹೆಂಡತಿಯೊಡನೆ ಮೌನ, ಪ್ರಾರ್ಥನೆಯಲ್ಲಿ ಬೇಸರ.

ಹನ್ನೆರಡನೆಯ ಶತಮಾನದ ಸಂತ ಬರ್ನಾರ್ಡ್ ಪರಮಗೀತೆಯ ಮೇಲಿನ ತಮ್ಮ ಪ್ರಸಂಗಗಳಲ್ಲಿ ನಮ್ಮ ರೈತರಿಗೆ ಸುಲಭವಾಗಿ ತಿಳಿಯುವ ಹೋಲಿಕೆಯೊಂದನ್ನು ಕೊಟ್ಟಿದ್ದಾರೆ. ಕಾಲುವೆಯು ಬಂದದ್ದನ್ನು ಬಂದ ಹಾಗೆಯೇ ಹರಿಯಬಿಡುತ್ತದೆ. ಕೆರೆಯಾದರೋ ಮೊದಲು ತಾನು ತುಂಬಿಕೊಂಡು, ಆಮೇಲೆ ಕೋಡಿ ಹರಿಯುತ್ತದೆ. ಕೊಟ್ಟರೂ ತಾನು ಬರಿದಾಗುವುದಿಲ್ಲ. ಧರ್ಮಸಭೆಯಲ್ಲಿ ಕಾಲುವೆಗಳು ಬಹಳ, ಕೆರೆಗಳು ಕಡಿಮೆ ಎಂದು ಅವರು ಮರುಗಿದರು. ಅವರ ಶಿಷ್ಯನೊಬ್ಬನು 1145ರಲ್ಲಿ ಮೂರನೇ ಯುಜೀನ್ ಎಂಬ ಹೆಸರಿನಲ್ಲಿ ಜಗದ್ಗುರುವಾದಾಗ, ಮುಗಿಯದ ವ್ಯವಹಾರಗಳಲ್ಲಿ ಮುಳುಗಿದರೆ ಹೃದಯ ಕಲ್ಲಾಗುತ್ತದೆಂದು ಅವರಿಗೂ ಬರೆದು ಎಚ್ಚರಿಸಿದರು. ಕೆರೆ ತುಂಬಿಕೊಳ್ಳುವುದು ಊರಿಗಾಗಿಯೇ ಹೊರತು ತನಗಾಗಿ ಅಲ್ಲ. ಶಕ್ತಿಯನ್ನು ಉಳಿಸಿಕೊಳ್ಳುವುದು ಸ್ವಾರ್ಥವೋ ಧರ್ಮವೋ ಎಂಬುದು, ಅದನ್ನು ಯಾರಿಗಾಗಿ ಉಳಿಸುತ್ತೇವೆ ಎಂಬುದರ ಮೇಲೆ ನಿಂತಿದೆ.

ಮುಖ್ಯವಾದುದು ಯಾವುದೆಂದು ತಿಳಿಯುವುದು ಹೇಗೆ? ಆ ತಾಯಿ ಎದ್ದು ಹೋದಂದಿನಿಂದ ನಾನು ರಾತ್ರಿ ಮಲಗುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳುತ್ತೇನೆ. ನಾನು ಬಿಟ್ಟರೆ ಇದನ್ನು ಬೇರೆ ಯಾರಾದರೂ ಮಾಡಬಲ್ಲರೇ? ಇದನ್ನು ಪ್ರೀತಿಯಿಂದ ಮಾಡಿದೆನೋ, ಜನರ ಮಾತಿಗೆ ಅಂಜಿ ಮಾಡಿದೆನೋ? ಇದಕ್ಕೆ ಕೊಟ್ಟ ಶಕ್ತಿಯನ್ನು ಯಾರ ಪಾಲಿನಿಂದ ಕಿತ್ತುಕೊಂಡೆ? ಮೂರನೆಯ ಪ್ರಶ್ನೆ ಬಹಳ ಕಠಿಣವಾದುದು. ಏಕೆಂದರೆ ಯಾರ ಪಾಲು ಕಿತ್ತುಕೊಳ್ಳುತ್ತೇವೋ ಅವರು ಸಾಮಾನ್ಯವಾಗಿ ದೂರುವುದಿಲ್ಲ. ಅವರು ಮನೆಯ ಮುದುಕರು, ಮಕ್ಕಳು, ಸದ್ದಿಲ್ಲದೆ ಎದ್ದುಹೋಗುವ ತಾಯಂದಿರು.

ಇಲ್ಲಿ ನಿಮ್ಮಲ್ಲಿ ಕೆಲವರು, "ಇದೆಲ್ಲ ಆರಿಸಿಕೊಳ್ಳಲು ಸಾಧ್ಯವಿರುವವರ ಮಾತು" ಎನ್ನಬಹುದು. ಆ ಮಾತು ನ್ಯಾಯವಾದುದು. ನಿಪ್ಪಾಣಿಯ ಓಣಿಗಳಲ್ಲಿ ಬೀಡಿ ಸುತ್ತುವ ಹೆಣ್ಣುಮಗಳ ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿದೆ. ಕೈ ನಿಂತರೆ ಕೂಲಿ ನಿಲ್ಲುತ್ತದೆ. 1966ರ ಬೀಡಿ ಕಾರ್ಮಿಕರ ಕಾಯ್ದೆಯು ಕಾರ್ಖಾನೆಯ ಆವರಣದಲ್ಲಿ ದುಡಿಯುವವರಿಗೆ ವಾರಕ್ಕೊಂದು ರಜೆಯನ್ನು ವಿಧಿಸಿತು. ಮನೆಯ ಪಡಸಾಲೆಯಲ್ಲಿ ಮರ ಹಿಡಿದು ಕುಳಿತವಳಿಗೆ ಆ ರಜೆ ತಲುಪಿದ್ದು ಅಪರೂಪ. ಕಬ್ಬು ನುರಿಸುವ ಹಂಗಾಮಿನಲ್ಲಿ ದೂರದ ಜಿಲ್ಲೆಗಳಿಂದ ಬಂದು ಗುಡಿಸಲು ಹಾಕಿಕೊಳ್ಳುವ ಕಟಾವಿನ ಗ್ಯಾಂಗಿನವರು ಮುಂಗಡ ಪಡೆದಿರುತ್ತಾರೆ; ಅದು ತೀರುವ ತನಕ ಅವರಿಗೆ ಬಿಡುವೆಂಬುದಿಲ್ಲ. ಇವರಿಗೆ "ವಿಶ್ರಾಂತಿ ತೆಗೆದುಕೊಳ್ಳಿ" ಎಂದು ಉಪದೇಶಿಸುವುದು ಕ್ರೌರ್ಯ.

ಆದರೆ ವಿಮೋಚನಾಕಾಂಡದ ಕಟ್ಟಳೆಯನ್ನು ಮತ್ತೊಮ್ಮೆ ನೆನೆಯಿರಿ. ಎತ್ತು ತಾನಾಗಿಯೇ ನೊಗ ಇಳಿಸಿಕೊಳ್ಳಲಾರದು. ದಾಸಿಯ ಮಗನೂ ಪರದೇಶಿಯೂ ತಾವಾಗಿ ರಜೆ ಘೋಷಿಸಲಾರರು. ಆಜ್ಞೆ ಇರುವುದು ನೊಗ ಹೂಡುವವನಿಗೆ. ನಮ್ಮ ಮನೆಯಲ್ಲಿ ನೊಗ ಹೊತ್ತವರು ಯಾರು? ಬೆಳಿಗ್ಗೆ ಐದಕ್ಕೆ ಎದ್ದು ರೊಟ್ಟಿ ಬಡಿದು, ಹೊಲಕ್ಕೆ ಹೋಗಿ, ಸಂಜೆ ಮತ್ತೆ ಒಲೆಯ ಮುಂದೆ ಕೂರುವವಳಿಗೆ ವಾರದಲ್ಲಿ ಒಂದು ಹೊತ್ತಾದರೂ ಬಿಡುವು ಕೊಟ್ಟಿದ್ದೇವೆಯೇ? ಭಾನುವಾರ ಬಲಿಪೂಜೆ ಮುಗಿಸಿ ಬಂದು ಗಂಡಸರು ಕಟ್ಟೆಯ ಮೇಲೆ ಕುಳಿತಾಗ ಅಡುಗೆಮನೆಯಲ್ಲಿ ಯಾರಿದ್ದಾರೆ? ನಮ್ಮ ಹೊಲಕ್ಕೆ ಬಂದ ಗ್ಯಾಂಗಿನವರ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ವಿಚಾರಿಸಿದ್ದೇವೆಯೇ?

ಆದ್ದರಿಂದ, ಪ್ರಿಯರೇ, ಈ ತಿಂಗಳು ಎರಡು ಕೆಲಸಗಳನ್ನು ಮಾಡೋಣ. ಮುಖ್ಯವಲ್ಲದ ಒಂದು ಹೊರೆಯನ್ನು ನಮ್ಮ ಹೆಗಲಿನಿಂದ ಇಳಿಸೋಣ. ಹಾಗೆ ಉಳಿದ ಬಲದಿಂದ, ತಾನಾಗಿ ಇಳಿಸಿಕೊಳ್ಳಲಾಗದ ಒಬ್ಬರ ಹೆಗಲಿನ ನೊಗಕ್ಕೆ ಕೈಕೊಡೋಣ. ಸೋಮವಾರ ನೆರಳಿನಲ್ಲಿ ಮೆಲುಕು ಹಾಕಿದ ಎತ್ತು ಮಂಗಳವಾರ ಹೊಲಕ್ಕೆ ಹೋಗುತ್ತದೆ; ಆ ಒಂದು ದಿನ ಹೊಲದ ಲೆಕ್ಕಕ್ಕೇ ಸೇರಿದ್ದೆಂದು ನಮ್ಮ ಹಿರಿಯರು ಬಲ್ಲವರಾಗಿದ್ದರು. ನಿಮ್ಮ ಬಾಗಿಲಿಗೂ ಯಾರಾದರೂ ಬಂದು ಕುಳಿತಾರು. ಅವರು ಮಾತು ಮುಗಿಸುವ ತನಕ ಕುಳಿತಿರುವಷ್ಟು ಶಕ್ತಿ ನಿಮ್ಮಲ್ಲಿ ಉಳಿದಿರಲಿ.