ಪಾಲಾಗದ ತೋಟ

ವಸ್ತಾರೆಯ ಆಸುಪಾಸಿನಲ್ಲಿ ಒಂದು ಕಾಫಿ ತೋಟ ಮೂರು ತಲೆಮಾರು ಇಡಿಯಾಗಿ ಉಳಿದರೆ ಅದೇ ದೊಡ್ಡದು. ಅಜ್ಜನ ಕಾಲಕ್ಕೆ ಒಂದಿದ್ದ ಬೇಲಿ ಮಕ್ಕಳ ಕಾಲಕ್ಕೆ ನಾಲ್ಕಾಗುತ್ತದೆ. ಮೊಮ್ಮಕ್ಕಳಲ್ಲಿ ಯಾರೋ ಒಬ್ಬರು ಬೆಂಗಳೂರಿನಿಂದ ಬಂದು, ತಮ್ಮ ಪಾಲು ಮಾರಿ, ಸಂಜೆಯೊಳಗೆ ಹೊರಟುಬಿಡುತ್ತಾರೆ. 1974ರ ಭೂಸುಧಾರಣೆ ಗದ್ದೆಗಳ ಒಡೆತನವನ್ನು ಬುಡಮೇಲು ಮಾಡಿದಾಗಲೂ ಕಾಫಿ ತೋಟಗಳಿಗೆ ಭೂಮಿತಿಯಿಂದ ವಿನಾಯಿತಿ ಇತ್ತು. ಕಾನೂನು ಬಿಟ್ಟದ್ದನ್ನು ಕಾಲ ಬಿಡಲಿಲ್ಲ. ಪೌತಿ ಖಾತೆಗೆ ಅರ್ಜಿ ಕೊಟ್ಟು ಬಂದವರಿಗೆ ಇದು ಗೊತ್ತು: ಬದುಕಿಡೀ ‘ನನ್ನ ತೋಟ’ ಎಂದವರ ಹೆಸರು ಪಹಣಿಯಿಂದ ಕಳಚಿಹೋಗುವಾಗ ಒಂದಿಷ್ಟೂ ಸದ್ದಾಗುವುದಿಲ್ಲ.

ಇದನ್ನು ನೋಡುವಾಗಲೆಲ್ಲ ಗಿರಿಸಾಲಿನ ಆಚೆ ಮಗ್ಗುಲಿನ ಕೆಮ್ಮಣ್ಣುಗುಂಡಿ ನೆನಪಾಗುತ್ತದೆ. ತರೀಕೆರೆ ತಾಲ್ಲೂಕಿನ ಆ ಬೆಟ್ಟದಲ್ಲಿ, ಸುಮಾರು 1,400 ಮೀಟರ್ ಎತ್ತರದಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ಬಿಡಾರವಿತ್ತು. 1902ರಲ್ಲಿ ಅಧಿಕಾರ ವಹಿಸಿಕೊಂಡು 1940ರಲ್ಲಿ ತೀರಿಕೊಳ್ಳುವವರೆಗೆ ಮೈಸೂರನ್ನು ಆಳಿದ ಅವರಿಗೂ ಆ ಜಾಗ ಬೇಸಿಗೆಯ ಮಟ್ಟಿಗಷ್ಟೇ. ಮುಂದೆ ಅದು ದಾನವಾಗಿ ಸರ್ಕಾರಕ್ಕೆ ಸೇರಿತು. ಈಗ ಅದು ಕೃಷ್ಣರಾಜೇಂದ್ರ ಗಿರಿಧಾಮ. ರಾಜರ ಬಿಡಾರವಿದ್ದಲ್ಲಿ ಶಾಲೆಯ ಪ್ರವಾಸಕ್ಕೆ ಬಂದ ಮಕ್ಕಳು ಬುತ್ತಿ ಬಿಚ್ಚುತ್ತಾರೆ, ಮಾಲಿಗಳು ಗುಲಾಬಿ ಗಿಡ ಸವರುತ್ತಾರೆ.

ಅದೇ ಬೆಟ್ಟಕ್ಕೆ ಇನ್ನೊಂದು ಕಥೆಯಿದೆ. ಅಲ್ಲಿ ಅಗೆದ ಅದಿರು ಭದ್ರಾವತಿಯ ಕಾರ್ಖಾನೆಗೆ ಹೋಗುತ್ತಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1918ರಲ್ಲಿ ಹುಟ್ಟಿ, 1923ರಲ್ಲಿ ಕಬ್ಬಿಣ ಇಳಿಸತೊಡಗಿದ ಕಾರ್ಖಾನೆ. ಕಬ್ಬಿಣ ಇಳಿಸತೊಡಗಿ ನೂರು ವರ್ಷ ತುಂಬಿದ 2023ರಲ್ಲೇ ಅದನ್ನು ಮುಚ್ಚುವ ತೀರ್ಮಾನ ಹೊರಬಿದ್ದು ಕಾರ್ಮಿಕರು ಬೀದಿಗಿಳಿದರು. ಕಬ್ಬಿಣದ ಕುಲುಮೆಯನ್ನು ಕಟ್ಟಿದವರು ಅದು ಆರಬಾರದೆಂದೇ ಕಟ್ಟಿದ್ದರು. ಹೂದೋಟದವರು ಬಾಡುವುದನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಮಲೆನಾಡಿನ ಮಳೆ ಪಾತಿಗಳನ್ನು ಕೊಚ್ಚಿದ ಮೇಲೆ ಮತ್ತೆ ಅಗೆಯಬೇಕು, ಹೊಸ ಸಸಿ ಇಡಬೇಕು. ಕಾಫಿ ಬೆಳೆಯುವ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ವಾರ ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ; ಮೂರು ನಾಲ್ಕು ದಿನದಲ್ಲಿ ಆ ಬಿಳುಪು ಕಂದಿಹೋಗುತ್ತದೆ. ಹೂ ಹೋಯಿತೆಂದು ಅತ್ತ ಬೆಳೆಗಾರನನ್ನು ನಾನು ಕಂಡಿಲ್ಲ. ಕಾಯಿ ಕಚ್ಚಿತೇ ಎಂದಷ್ಟೇ ನೋಡುತ್ತಾನೆ.

ದಾನ ಕೊಟ್ಟವರು ಕಾಲವನ್ನು ಗೆದ್ದರು ಎಂದು ನಾನು ಹೇಳಲಾರೆ. ಫಲಕದ ಮೇಲೆ ಹೆಸರು ಉಳಿದೀತು; ಆ ಬೆಟ್ಟದ ಬೆಳಗಿನ ತಂಪನ್ನು ಮೈಯಲ್ಲಿ ಅನುಭವಿಸಿದವರು ಉಳಿಯಲಿಲ್ಲ. ಬದಲಾದದ್ದು ನಮಗೂ ಜಾಗಕ್ಕೂ ಇರುವ ಸಂಬಂಧ. ಟಿಕೆಟ್ ಪಡೆದು ಒಳಗೆ ಹೋದವರು ಗೇಟು ಹಾಕುವ ಹೊತ್ತಿಗೆ ಹೊರಬರುತ್ತಾರೆ, ಏನನ್ನೋ ಕಳೆದುಕೊಂಡೆವೆಂದು ಯಾರಿಗೂ ಅನ್ನಿಸುವುದಿಲ್ಲ. ತೋಟ ಮಾರಿದವರು ಅದೇ ಬೇಲಿಯ ಪಕ್ಕ ಹಾದುಹೋಗುವಾಗ ಮುಖ ತಿರುಗಿಸುತ್ತಾರೆ. ಎರಡು ಕಡೆಯೂ ಮನುಷ್ಯ ಹೊರಡಲೇಬೇಕು. ಒಂದು ಕಡೆ ಹೊರಡುವುದು ಮೊದಲೇ ಒಪ್ಪಿದ ಮಾತು, ಇನ್ನೊಂದು ಕಡೆ ಅದು ಗಾಯ.

ತೋಟದ ಕಾರ್ಮಿಕರ ಲೈನ್ ಮನೆಗಳಲ್ಲಿ ಹುಟ್ಟಿ ಅಲ್ಲೇ ಮುದುಕರಾದವರನ್ನು ಇಲ್ಲಿ ನೆನೆಯದಿದ್ದರೆ ನನ್ನ ಮಾತು ಅರ್ಧವಾಗುತ್ತದೆ. ಮರಗಸಿ ಮಾಡಿದವರು, ಗುಂಡಿ ತೆಗೆದವರು, ಚಿಗುರು ತೆಗೆದವರು ಅವರು. ತೋಟ ಕೈ ಬದಲಾದ ದಿನ ಅವರ ಒಲೆಯೂ ಕದಲುತ್ತದೆ. ಯಾವುದೂ ಸ್ಥಿರವಲ್ಲ ಎಂಬುದನ್ನು ಅವರು ಯಾವ ಪ್ರವಚನದಿಂದಲೂ ಕಲಿಯಬೇಕಿಲ್ಲ. ಕೊಡಲು ಏನಾದರೂ ಉಳ್ಳವರಷ್ಟೇ ‘ಬಿಟ್ಟುಕೊಟ್ಟೆ’ ಎನ್ನಬಲ್ಲರು.

ಪಾಲು ಮಾಡುವಾಗ ನಮ್ಮ ಕಡೆ ಚೌಡಿಯ ಬನಕ್ಕೆ ಅಳತೆ ಹಿಡಿಯುವುದಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರೂ ಬನ ಎಲ್ಲರದೂ ಆಗಿ ಉಳಿಯುತ್ತದೆ. ಅದರ ಪಕ್ಕ ಇನ್ನೆರಡು ಎಕರೆಯನ್ನು, ಅತ್ತಿ, ಬಸರಿ, ನಂದಿ ಮರಗಳಿರುವ ಹಾಗೆಯೇ, ಊರಿನ ಮಕ್ಕಳಿಗೆಂದು ಬಿಟ್ಟರೆ ದೊಡ್ಡ ಹಿಡುವಳಿಯ ಯಾವ ಮನೆಯೂ ಮುಳುಗದು. ಊರಿಗೆ ಬಿಟ್ಟದ್ದು ಹಾಳಾಗುತ್ತದೆ ಎನ್ನುವವರಿದ್ದಾರೆ. ಆಗಬಹುದು. ಬೇಲಿ ಬೀಳುತ್ತದೆ, ಲಂಟಾನ ನುಗ್ಗುತ್ತದೆ, ಪ್ಲಾಸ್ಟಿಕ್ ಸೇರುತ್ತದೆ. ಸವರಬೇಕು, ಗುಡಿಸಬೇಕು, ಸತ್ತ ಗಿಡದ ಜಾಗಕ್ಕೆ ಇನ್ನೊಂದು ನೆಡಬೇಕು. ಸ್ವಂತ ತೋಟದಲ್ಲೂ ವರ್ಷಾವರ್ಷ ಇದನ್ನೇ ಮಾಡುತ್ತೇವಲ್ಲ.