ಬೇರೆ ದೋಣಿಗಳು

ಧ್ಯಾನಕ್ಕೆ: ಮಾರ್ಕನ ಸುವಾರ್ತೆ 4:35–41



ಅಗಡಿಯ ಸುತ್ತಲಿನ ರೈತನಿಗೆ ನೀರೆಂದರೆ ಮೊದಲು ಬೆಳೆಯ ಚಿಂತೆ. ಕೆರೆ ತುಂಬಿತೋ ಎಂದು ಕೇಳುವನೇ ಹೊರತು, ಅದರಲ್ಲಿ ತೇಲಿ ಆಡೋಣವೋ ಎಂದು ಕೇಳನು. ರಾಣೇಬೆನ್ನೂರು ಸೀಮೆಯ ಹಿರಿಯರಿಗೆ ಹರಿಗೋಲು ತುಂಗಭದ್ರೆಯನ್ನು ದಾಟುವ ಸಾಧನವಾಗಿತ್ತು, ವಿನೋದದ ವಸ್ತುವಲ್ಲ. ಈಗಲಾದರೋ ಯೌವನಸ್ಥರು ರಜೆಯಲ್ಲಿ ಸಾಗರ ತಾಲೂಕಿನ ಹೊನ್ನೇಮರಡುವಿಗೆ ಹೋಗಿ, ಗುಡ್ಡಗಳ ಮರೆಯಲ್ಲಿರುವ ಶರಾವತಿಯ ಹಿನ್ನೀರಿನಲ್ಲಿ ದೋಣಿಯ ವಿಹಾರ ಮಾಡಿ ಬರುತ್ತಾರೆ. ಇದು ತಪ್ಪೋ? ತಪ್ಪಲ್ಲ. ದಣಿದ ಶಿಷ್ಯರನ್ನು ಕರ್ತನು ತಾನೇ ದೋಣಿಯಲ್ಲಿ ಏಕಾಂತಸ್ಥಳಕ್ಕೆ ಕರೆದುಕೊಂಡು ಹೋದನೆಂದು ಅದೇ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಓದುತ್ತೇವೆ. ವಿಶ್ರಾಂತಿಯು ದೇವರ ದಾನ. ಆದರೆ ಆ ದಾನವನ್ನು ಅನುಭವಿಸುವಾಗ ನೆರೆಯವನನ್ನು ಮರೆಯಬಾರದು.

ಮೊದಲನೆಯದಾಗಿ, ನಮ್ಮ ದೋಣಿಯಲ್ಲೇ ಕೂತಿರುವ ನೆರೆಯವನು. ಬಿದಿರಿನಿಂದ ಹೆಣೆದ ಹರಿಗೋಲು ದುಂಡಗಿರುವದು. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಕೂತವರ ತೂಕವೇ ಅದರ ಸಮತೋಲ. ಒಬ್ಬನು ಚೆಲುವನ್ನು ನೋಡಬೇಕೆಂದು ಎದ್ದು ನಿಂತರೆ, ಎಲ್ಲರೂ ಒಂದೇ ಬದಿಗೆ ವಾಲಿದರೆ, ಅಪಾಯವು ಎಲ್ಲರಿಗೂ ಬರುವದು. ನೀರು ಶಾಂತವಾಗಿದೆಯೆಂದು ತೇಲುವ ಅಂಗಿಯನ್ನು ಬಿಚ್ಚಿಡುವವರಿದ್ದಾರೆ. ಗಲಿಲಾಯದ ಸಿಹಿನೀರಿನ ಸರೋವರಕ್ಕೂ ಸುತ್ತಲೂ ಗುಡ್ಡಗಳುಂಟು; ಅದು ಸುಮಾರು 21 ಕಿಲೋಮೀಟರ್ ಉದ್ದ, 13 ಕಿಲೋಮೀಟರ್ ಅಗಲ ಮಾತ್ರ. ಆದಾಗ್ಯೂ ಆ ಗುಡ್ಡಗಳ ಕಣಿವೆಗಳಿಂದಲೇ ಗಾಳಿಯು ಫಕ್ಕನೆ ಇಳಿದು ಬರುವದು. ನೀರನ್ನು ಬಲ್ಲ ಬೆಸ್ತರೇ ಅಲ್ಲಿ ನಡುಗಿದರು. ಆದಕಾರಣ ಎಚ್ಚರಿಕೆಯು ಅವಿಶ್ವಾಸವಲ್ಲ. ಅದು ಪಕ್ಕದಲ್ಲಿರುವವನ ಮೇಲಣ ಪ್ರೀತಿ.

ಎರಡನೆಯದಾಗಿ, ನಮ್ಮ ಕಣ್ಣಿಗೆ ಬೀಳದ ನೆರೆಯವನು. ಕರ್ತನ ದೋಣಿಯ ಸಂಗಡ ಬೇರೆ ದೋಣಿಗಳೂ ಇದ್ದವೆಂದು ಮಾರ್ಕನು ಒಂದೇ ಮಾತಿನಲ್ಲಿ ಹೇಳಿ ಮುಂದೆ ಹೋಗುತ್ತಾನೆ. ಅವುಗಳಲ್ಲಿದ್ದವರ ಹೆಸರು ನಮಗೆ ತಿಳಿಯದು. ಆದರೆ ಬಿರುಗಾಳಿ ನಿಂತಾಗ ಆ ಶಾಂತಿಯು ಅವರಿಗೂ ದೊರಕಿತಲ್ಲವೇ?

ಹೊನ್ನೇಮರಡುವಿನ ನೀರು ಆದಿಯಿಂದ ಅಲ್ಲಿದ್ದದ್ದಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದಾಗ ಶರಾವತಿಯ ಕಣಿವೆಯು ತುಂಬಿತು. ಮನೆಗಳು, ಗದ್ದೆಗಳು, ತೋಟಗಳು ಮುಳುಗಿದವು. 1948ರಲ್ಲಿ ಕಟ್ಟಿ ಮುಗಿಸಿದ ಹಿರೇಭಾಸ್ಕರ ಅಣೆಕಟ್ಟೂ ಅದೇ ನೀರಿನೊಳಗೆ ಹೋಯಿತು. ಬೇಸಿಗೆಯಲ್ಲಿ ನೀರು ಬಹಳ ಇಳಿದರೆ ಅದು ಮತ್ತೆ ಕಾಣುವದು. ನಾಡಿಗೆ ವಿದ್ಯುತ್ತು ಬಂತು. ನೆಲ ಬಿಟ್ಟು ಹೋದ ಅನೇಕರು ಹೊಸ ನೆಲದ ಹಕ್ಕುಪತ್ರಕ್ಕಾಗಿ ಬಹುಕಾಲ ಅಲೆದರು. ಅಲ್ಲಿ ನಿಮಗಾಗಿ ಹುಟ್ಟು ಹಾಕುವವನ ಅಜ್ಜನ ಗದ್ದೆಯು ನಿಮ್ಮ ದೋಣಿಯ ಕೆಳಗೇ ಇರಬಹುದು.

ಆದಕಾರಣ ಪ್ರಿಯರೇ, ಹೋಗಿರಿ, ದಣಿವಾರಿಸಿಕೊಳ್ಳಿರಿ, ಸೃಷ್ಟಿಕರ್ತನನ್ನು ಸ್ತುತಿಸಿರಿ. ಆದರೆ ದೋಣಿಯವನ ಕೂಲಿಗೆ ಚೌಕಾಶಿ ಮಾಡಬೇಡಿರಿ. ಅವನ ಊರು ಯಾವದೆಂದು ಕೇಳಿರಿ, ಅವನ ಮಾತನ್ನು ಕಡೇ ತನಕ ಆಲಿಸಿರಿ. ನಮ್ಮ ಶಾಂತಿಯು ಬೇರೆ ದೋಣಿಗಳಿಗೂ ಮುಟ್ಟುವ ಹಾಗೆ ಕರ್ತನು ನಮಗೆ ಕೃಪೆ ಕೊಡಲಿ. ಆಮೆನ್.