ತಡೆಯಬಾರದ ವೇಗ

ಅಪ್ಪನ ಬುಲೆಟ್ಟಿನ ಬ್ರೀದರ್ ಪೈಪನ್ನು ನಾನು ಮುಚ್ಚಿದಾಗ ನನಗೆ 19 ವರ್ಷ. ಕಾರಣ ರಂಗೋಲಿ. ಗಾಡಿ ನಿಲ್ಲುವ ಕಡೆ ದಿನವೂ ಆ ಪೈಪಿನಿಂದ ತೊಟ್ಟಿಕ್ಕಿದ ಅಂಗೈಯಗಲ ಎಣ್ಣೆ ಕಲೆ. ಅಮ್ಮ ಬೆಳಿಗ್ಗೆ ಎದ್ದು ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಹೋಗದಿದ್ದರೆ ಕಲೆಯನ್ನು ಬಿಟ್ಟು ಸುತ್ತ ಎಳೆ ಎಳೆಯುತ್ತಿದ್ದಳು. ನೋಡಲಾರದೆ, ಪೈಪಿನ ತುದಿಗೆ ಒಂದು ಬೋಲ್ಟು ತುರುಕಿ ಕ್ಲಿಪ್ಪು ಬಿಗಿದೆ. ಅಪ್ಪನಿಗೆ ಹೇಳಲಿಲ್ಲ. ಅದೇ ದಿನ ಇಬ್ಬರೂ ಮೈಸೂರಿನಿಂದ ನಂಜನಗೂಡಿಗೆ ಹೋದೆವು. ದೇವಸ್ಥಾನದ ಹತ್ತಿರ ಇಳಿದು ನೋಡಿದರೆ ಟ್ಯಾಪೆಟ್ ಮುಚ್ಚಳದ ಸಂದಿಯಿಂದ, ಸಿಲಿಂಡರಿನ ಬುಡದಿಂದ, ಎಲ್ಲೆಲ್ಲಿ ಕೀಲಿದೆಯೋ ಅಲ್ಲೆಲ್ಲ ಎಣ್ಣೆ ಒಸರುತ್ತಿತ್ತು. ಅಪ್ಪನ ಪ್ಯಾಂಟಿನ ಒಂದು ಕಾಲು ತೊಯ್ದು ಹೋಗಿತ್ತು. ಅವರು ಕುಕ್ಕರುಗಾಲಲ್ಲಿ ಕೂತು ಪೈಪು ತಡವಿದರು, ಬೋಲ್ಟು ಕೈಗೆ ಸಿಕ್ಕಿತು. ಬೈಯಲಿಲ್ಲ. “ಉಸಿರು ಕಟ್ಟಿಬಿಟ್ಟಿದ್ದೀಯಲ್ಲೋ” ಎಂದರು, ಅಷ್ಟೆ.

ನಾನು ಮೆಕ್ಯಾನಿಕ್ ಆದದ್ದು ಆ ಮಾತಿನಿಂದ. ಹಳೆಯ ಎರಕದ ಕಬ್ಬಿಣದ ಬುಲೆಟ್ಟಿಗೆ ಒಂದೇ ಸಿಲಿಂಡರ್: ಬೋರು 70 ಮಿಲಿಮೀಟರ್, ಸ್ಟ್ರೋಕು 90, ಒಟ್ಟು 346 ಸಿಸಿ. ಪಿಸ್ಟನ್ ಇಳಿದಾಗಲೆಲ್ಲ ಅದರ ಕೆಳಗಿನ ಅಷ್ಟೂ ಗಾಳಿ ಇಂಜಿನ್ನಿನ ಹೊಟ್ಟೆಯಾದ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಿಕೊಳ್ಳುತ್ತದೆ. ನಿಮಿಷಕ್ಕೆ 3000 ಸುತ್ತಾದರೆ ಸೆಕೆಂಡಿಗೆ 50 ಸಲ. ಜೊತೆಗೆ ರಿಂಗುಗಳ ಸಂದಿಯಲ್ಲಿ ನುಸುಳಿ ಬಂದ ಹೊಗೆ ಬೇರೆ. ಈ ಗಾಳಿ ಹೊರಗೆ ಹೋಗಲೇಬೇಕು, ಹೋಗುವಾಗ ಎಣ್ಣೆಯ ಮಂಜನ್ನು ಹೊತ್ತೇ ಹೋಗುತ್ತದೆ. ಪೈಪಿನ ತುದಿಯಲ್ಲಿ ಬಾತುಕೋಳಿಯ ಕೊಕ್ಕಿನಂಥ ಒಂದು ರಬ್ಬರು. ಹೊರಗೆ ಬಿಡುತ್ತದೆ, ಒಳಗೆ ಬಿಡುವುದಿಲ್ಲ. ಅದು ಸರಿಯಾಗಿದ್ದರೆ ಮಿಕ್ಕ ಕೀಲುಗಳೆಲ್ಲ ಒಣಗಿರುತ್ತವೆ.

ವೈದ್ಯರಾಗಿದ್ದ ಸೋದರಮಾವ ಈ ಕಥೆ ಕೇಳಿ ಚರಕಸಂಹಿತೆ ತೆಗೆದರು. ಸೂತ್ರಸ್ಥಾನದ 7ನೆಯ ಅಧ್ಯಾಯ. ತಡೆಯಬಾರದ ವೇಗಗಳು, ಎಂದರೆ ದೇಹದ ಸಹಜ ಒತ್ತಡಗಳು, 13 ಎಂದು ಅಲ್ಲಿ ಎಣಿಸಿದೆ: ಮಲ, ಮೂತ್ರ, ಸೀನು, ತೇಗು, ಆಕಳಿಕೆ, ಹಸಿವು, ನಿದ್ದೆ, ದಣಿದವನ ಏದುಸಿರು, ಅವುಗಳಲ್ಲೇ ಕಣ್ಣೀರೂ ಒಂದು. ಅದೇ ಅಧ್ಯಾಯ ಮುಂದೆ ತಡೆಯಲೇಬೇಕಾದ ವೇಗಗಳನ್ನೂ ಹೇಳುತ್ತದೆ: ಲೋಭ, ಭಯ, ಕ್ರೋಧ, ಅಸೂಯೆ, ಮತ್ತೆ ಶೋಕ. ಕಣ್ಣೀರನ್ನು ತಡೆಯಬೇಡ, ಶೋಕವನ್ನು ತಡೆ. ಇದು ಹೇಗೆ ಸಾಧ್ಯ ಎಂದು ಆಗ ನಾನು ಕೇಳಲಿಲ್ಲ. ಕೇಳುವ ವಯಸ್ಸಲ್ಲ.

ಅಮ್ಮ ಹೋದಾಗ ಅಪ್ಪ ಅಳಲಿಲ್ಲ. ಬಂದವರಿಗೆ ಕಾಫಿ ಆಯಿತೇ ಎಂದು ವಿಚಾರಿಸಿದರು, ಕರ್ಮವೆಲ್ಲ ಮುಗಿಸಿದರು, ಹದಿಮೂರರ ಮಾರನೆಯ ದಿನ ಎಂದಿನಂತೆ ಪೇಪರ್ ಹಿಡಿದು ಕೂತರು. ಸ್ಥಿತಪ್ರಜ್ಞ ಎಂದು ಬೀದಿಯೆಲ್ಲ ಹೊಗಳಿತು. ನನಗೆ ಆ ಹೊಗಳಿಕೆ ಕೇಳಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಸ್ಥಿತಪ್ರಜ್ಞನನ್ನು ವರ್ಣಿಸುವ ಗೀತೆಯ 2ನೆಯ ಅಧ್ಯಾಯ ಮನಸ್ಸಿನ ಕ್ಷೋಭೆಯ ಮಾತಾಡುತ್ತದೆ; ಕಣ್ಣು ಒಣಗಿರಬೇಕೆಂದು ನಾನು ಅಲ್ಲಿ ಓದಿಲ್ಲ. ಅಪ್ಪನಿಗೆ ಊಟ ಸೇರುತ್ತಿರಲಿಲ್ಲ, ಎದ್ದರೆ ತಲೆ ತಿರುಗುತ್ತಿತ್ತು. ಕಣ್ಣೀರು ತಡೆದರೆ ಬರುವ ರೋಗಗಳಲ್ಲಿ ಅರುಚಿ, ಭ್ರಮ (ತಲೆಸುತ್ತು) ಎರಡನ್ನೂ ಚರಕ ಹೆಸರಿಸಿದ್ದಾನೆ. ಬೋಲ್ಟು ಬಡಿದ ಇಂಜಿನ್ನೇ ನನ್ನ ಕಣ್ಣ ಮುಂದೆ ಕೂತಿತ್ತು.

ಕೇಳದೆ ಉಳಿದಿದ್ದ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಗ್ಯಾರೇಜಿನಲ್ಲೇ. ಬ್ರೀದರಿನಲ್ಲಿ ಎಣ್ಣೆ ಜಾಸ್ತಿ ಬಂದರೆ ನಾವು ಪೈಪಿಗೆ ಔಷಧ ಮಾಡುವುದಿಲ್ಲ. ಡಿಪ್‌ಸ್ಟಿಕ್ ನೋಡುತ್ತೇವೆ, ಮಟ್ಟ ಮೀರಿ ಎಣ್ಣೆ ಹಾಕಿದ್ದಾರೆಯೇ ಎಂದು. ಪುಸುಪುಸು ಹೊಗೆ ಬಂದರೆ ರಿಂಗು ಸವೆದಿದೆ ಎಂದು ಬೋರು ಬಿಚ್ಚುತ್ತೇವೆ. ಚಿಕಿತ್ಸೆ ಒಳಗೆ, ದಾರಿ ಸದಾ ತೆರೆದೇ ಇರಬೇಕು. ಶೋಕಕ್ಕೂ ಕಣ್ಣೀರಿಗೂ ಇರುವ ಸಂಬಂಧ ಇದೇ ಎಂದು ನಾನು ನಂಬಿದ್ದೇನೆ. ಇನ್ನೊಂದು ಮಾತು. ತಿಂಗಳುಗಟ್ಟಲೆ ನಿಂತ ಬುಲೆಟ್ಟಿನಲ್ಲಿ ಎಣ್ಣೆ ಟ್ಯಾಂಕಿನಲ್ಲಿದ್ದದ್ದು ಮೆಲ್ಲಗೆ ಪಂಪು ದಾಟಿ ಕ್ರ್ಯಾಂಕ್‌ಕೇಸಿಗೆ ಇಳಿದು ಸೇರಿಕೊಂಡಿರುತ್ತದೆ. ಕಿಕ್ಕರ್ ಹೊಡೆದು ಸ್ಟಾರ್ಟ್ ಆದ ಕೂಡಲೇ ಅದೆಲ್ಲ ಬ್ರೀದರಿನಿಂದ ಬಳಬಳ ಹೊರಗೆ ಬರುತ್ತದೆ. ಗೊತ್ತಿಲ್ಲದವರು ಹೆದರುತ್ತಾರೆ.

ಅಮ್ಮನ ವರ್ಷಾಬ್ದಿಕದ ಸಂಜೆ ಅಪ್ಪ ರಂಗೋಲಿ ಪುಡಿಯ ಡಬ್ಬ ಹುಡುಕಿ ತೆಗೆದರು. ಅದರೊಳಗೆ ಅಮ್ಮನ ಬೆರಳಿನ ಗುರುತು ಹಾಗೇ ಇತ್ತು. ಡಬ್ಬ ಮಡಿಲಲ್ಲಿಟ್ಟುಕೊಂಡು ಅವರು ಅತ್ತದ್ದನ್ನು ಕಂಡು ನನ್ನ ತಂಗಿ ಗಾಬರಿಯಾಗಿ ನೀರು ತರಲು ಓಡಿದಳು. ನಾನು ಹೆದರಲಿಲ್ಲ. ಪಕ್ಕದಲ್ಲಿ ಕೂತೆ.

ಆದರೆ ಹೊರಗೆ ಬಿಟ್ಟಲ್ಲಿಗೆ ಧರ್ಮ ಮುಗಿಯುವುದಿಲ್ಲ. ನನ್ನ ಗಾಡಿಯ ಎಣ್ಣೆ ಇನ್ನೊಬ್ಬಳ ರಂಗೋಲಿಯ ಮೇಲೆ ಬೀಳಬಾರದು. ಈಗ ನಾನು ಪೈಪಿನ ತುದಿಗೆ ಒಂದು ಪ್ಲಾಸ್ಟಿಕ್ ಬಾಟಲಿ ಕಟ್ಟುತ್ತೇನೆ, ಒಳಗೆ ಪಾತ್ರೆ ಉಜ್ಜುವ ಸ್ಟೀಲಿನ ನಾರು. ಮಂಜು ಅದಕ್ಕೆ ತಾಗಿ ಹನಿಯಾಗಿ ಇಳಿಯುತ್ತದೆ. ಮುಚ್ಚಳಕ್ಕೆ ಒಂದು ತೂತು ಬೇಕೇ ಬೇಕು, ಇಲ್ಲದಿದ್ದರೆ ಬಾಟಲಿಯೇ ಬೋಲ್ಟಾಗುತ್ತದೆ. ಮಳೆಗಾಲದಲ್ಲಿ ಹತ್ತಿರ ಹತ್ತಿರ ಓಡಾಡಿದರೆ ನೀರಾವಿ ಬೆರೆತು ಹಾಲು ಹಾಕಿದ ಕಾಫಿಯ ಬಣ್ಣದ ನೊರೆ ಸೇರುತ್ತದೆ. ಅದನ್ನು ಮತ್ತೆ ಇಂಜಿನ್ನಿಗೆ ಹಾಕುವುದಿಲ್ಲ, ಚರಂಡಿಗೂ ಚೆಲ್ಲುವುದಿಲ್ಲ. ಹಳೆ ಎಣ್ಣೆ ಕೊಳ್ಳುವವನ ಡಬ್ಬಿಗೆ ಹೋಗುತ್ತದೆ.

ಕಣ್ಣೀರು ತಡೆದವನಿಗೆ ಚರಕ ಹೇಳುವ ಉಪಚಾರಗಳಲ್ಲಿ ಪ್ರಿಯವಾದ ಕಥೆಗಳೂ ಸೇರಿವೆ. ರಾತ್ರಿ ಊಟವಾದ ಮೇಲೆ ಅಪ್ಪನೂ ನಾನೂ ಜಗಲಿಯಲ್ಲಿ ಕೂರುತ್ತೇವೆ. “ಅವತ್ತು ನಂಜನಗೂಡಿಂದ ಬಂದಮೇಲೆ ನಿಮ್ಮಮ್ಮ ಆ ಪ್ಯಾಂಟು ಒಗೆದದ್ದು ನೆನಪಿದೆಯೇನೋ” ಎಂದು ಅವರೇ ಶುರು ಮಾಡುತ್ತಾರೆ. ನೂರು ಸಲ ಕೇಳಿದ್ದೇನೆ. “ಹೇಳಿ ಅಪ್ಪ” ಎನ್ನುತ್ತೇನೆ.